ಪ್ರಸಾದವೂ ಹೊಟ್ಟೆಗೇ ಹೋಗುತ್ತದೆ

ಹಳೇಕೋಟೆಯ ದೇವಯ್ಯನ ಮಗಳು ಮಾಯಿಗೆ ಏಳು ವರ್ಷ. ಕಾಲಿಗೆ ಮುಳ್ಳು ಚುಚ್ಚಿ, ಮೂಳೆಯವರೆಗೆ ಕೀವಾಗಿತ್ತು. ಸೊಪ್ಪು ಅರೆದು ಕಟ್ಟಿದರು, ಮಂತ್ರ ಹಾಕಿಸಿದರು. ಕಾಲು ಊದಿದ್ದೇ ಬಂತು. ಆಪರೇಷನ್ ಮಾಡದಿದ್ದರೆ ಮಗು ಉಳಿಯುವುದಿಲ್ಲ ಎಂದು ಪಟ್ಟಣದ ಡಾಕ್ಟರು ಹೇಳಿಬಿಟ್ಟರು.

ಆದರೂ ದೇವಯ್ಯನ ತಾಯಿ ಬೆಟ್ಟಮ್ಮ ಹೊಸಿಲಿಗೆ ಅಡ್ಡ ಕೂತಳು.

"ಒಬ್ಬನ್ನ ಕೊಂದವ್ರೆ, ಸಾಲ್ದಾ? ಇವಳ್ನ ಕೊಡಾಕಿಲ್ಲ ಕಣ್ಲಾ!"

ಎರಡು ವರ್ಷದ ಹಿಂದೆ ಮಾಯಿಯ ಅಣ್ಣ ಗಂಗ ಆಪರೇಷನ್ನಿಗೆಂದು ನಡೆದುಕೊಂಡು ಹೋಗಿದ್ದ. ಎತ್ತಿನ ಗಾಡಿಯಲ್ಲಿ ಹೆಣವಾಗಿ ಬಂದಿದ್ದ.

ಸುದ್ದಿ ಕೇಳಿ ದಾದಿ ಅನಂತಮ್ಮ ಬಂದರು. ಚನ್ನರಾಯಪಟ್ಟಣದ ಕಡೆಯ ಜೈನರ ಹೆಂಗಸು. ಮಾಯಿಯ ಹೆರಿಗೆ ಮಾಡಿಸಿದವರೂ ಅವರೇ.

"ಗಂಗ ಹೇಗೆ ಸತ್ತ, ಹೇಳಿ ಅಜ್ಜಿ."

"ಮತ್ತು ಬರೋ ಔಸ್ದಿ ಮೂಗಿಗಿಡುದ್ರಂತೆ. ವಾಂತಿ ಬಂತಂತೆ. ಉಸ್ರು ಕಟ್ತಂತೆ. ಅವರೇ ಕೊಂದ್ರು ಬುಡಿ ಅಮ್ಮಾವ್ರೆ."

"ಆವತ್ತು ಅವನು ಏನು ತಿಂದಿದ್ದ?"

"ಏನೂ ಇಲ್ಲ," ಎಂದಳು ಸೊಸೆ ಹೊನ್ನಕ್ಕ. "ಡಾಕ್ಟ್ರು ಬ್ಯಾಡ ಅಂದಿದ್ರು. ರಾತ್ರಿಯಿಂದ ಒಂದ್ ತೊಟ್ಟು ನೀರೂ ಕೊಟ್ಟಿರ್ಲಿಲ್ಲ, ದೇವ್ರಾಣೆ."

"ಒಂದು ತುತ್ತೂ ಇಲ್ವಾ?"

ಬೆಟ್ಟಮ್ಮ ರೇಗಿದಳು. "ತುತ್ತೆಲ್ಲಿ ಬಂತು? ಬೆಳಗಾನೆ ಮಾರಮ್ಮನ ಗುಡಿಗೋಗಿ ತಂಬಿಟ್ಟಿನಾರ್ತಿ ಮಾಡಿಸ್ಕಂಡು ಬಂದಿದ್ದೆ. ಅದ್ನ ಬಾಯಿಗಾಕಿ ಕಳಿಸ್ದೆ, ಅಷ್ಟೇಯ. ಪ್ರಸಾದ ಊಟವಾ?"

"ಎಷ್ಟು ಹಾಕಿದಿರಿ?"

"ಒಂದುಂಡೆ. ಮಗೀಗೆ ಅಸಿವಾಗಿತ್ತು, ಇನ್ನೊಂದು ಕೇಳ್ತು. ಕೊಟ್ಟೆ."

ದೇವಯ್ಯ ತಾಯಿಯ ಕಡೆ ತಿರುಗಿದ. "ಅವ್ವಾ, ಡಾಕ್ಟ್ರು ಕೇಳ್ದಾಗ 'ಏನೂ ತಿಂದಿಲ್ಲ ಸಾ' ಅಂದ್ನಲ್ಲವ್ವಾ ನಾನು!"

ಅನಂತಮ್ಮ ಸುತ್ತಿ ಬಳಸಿ ಹೇಳಲಿಲ್ಲ.

"ಮತ್ತು ಬರಿಸುವ ಔಷಧಿ ವಾಂತಿಯನ್ನೂ ಬರಿಸುತ್ತದೆ. ಎಚ್ಚರ ಇದ್ದವರು ಉಗುಳ್ತಾರೆ. ಎಚ್ಚರ ಇಲ್ಲದ ಮಗು ಏನು ಮಾಡೀತು? ಮೇಲೆ ಬಂದ ಹಿಟ್ಟು ಉಸಿರಿನ ದಾರಿಗೆ ಇಳಿದು ಕಟ್ಟಿಕೊಳ್ಳುತ್ತದೆ. ಮಾರಮ್ಮನ ಪ್ರಸಾದವೇ ಆಗಲಿ, ನಮ್ಮ ಬಸದಿಯದೇ ಆಗಲಿ, ಹೊಟ್ಟೆಗೆ ಹೋದ ಮೇಲೆ ಅದು ಹಿಟ್ಟೇ."

"ಅಂಗಾರೆ ನಾನೇ ಕೊಂದ್ನಾ?" ಎಂದಳು ಬೆಟ್ಟಮ್ಮ.

"ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಇವಳನ್ನಾದರೂ ಉಳಿಸಿ."

ಮುದುಕಿ ಹೊಸಿಲು ಬಿಟ್ಟು ಎದ್ದಳು.

ಆಪರೇಷನ್ನಿನ ದಿನ ಮಾಯಿ ಹಸಿವಿಗೆ ರಂಪ ಮಾಡಿದಳು. "ನನ್ಗೆ ಮಾತ್ರ ಬ್ಯಾಡ, ನೀನು ಎಲೆಅಡಿಕೆ ಅಗೀತಾ ಕೂತಿದ್ದೀಯ, ಮುದ್ಕಿ!" ಬೆಟ್ಟಮ್ಮ ಹೊರಗೆ ಹೋಗಿ ಉಗುಳಿ ಬಂದಳು. ಡಾಕ್ಟರು ಕೇಳಿದಾಗ ಮಗನಿಗಿಂತ ಮೊದಲು ಅವಳೇ ಬಾಯಿ ಬಿಟ್ಟಳು: "ಊಟ ಇಲ್ಲ, ನೀರಿಲ್ಲ, ಪ್ರಸಾದನೂ ಇಲ್ಲ ಸಾ. ತಂಬಿಟ್ಟು ಈ ಬಟ್ಟೆ ಗಂಟಿನಲ್ಲೇ ಅದೆ, ನೋಡ್ಕಳಿ."

ಆಪರೇಷನ್ ಮುಗಿದ ಮೇಲೂ ಮಾಯಿಗೆ ಎರಡು ಸಲ ವಾಂತಿಯಾಯಿತು. ಬರೀ ಹಳದಿ ನೀರು. ದಾದಿ ಹೇಳಿಕೊಟ್ಟಂತೆ ಬೆಟ್ಟಮ್ಮ ಮಗುವನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಒರೆಸಿದಳು. ದೇವಯ್ಯ ನೀರಿನ ಲೋಟ ತಂದಾಗ ಅವನ ಕೈಗೆ ಹೊಡೆದಳು. "ಡಾಕ್ಟ್ರು ಯೋಳೋಗಂಟ ಬ್ಯಾಡ ಕಣ್ಲಾ!" ಪೂರಾ ಎಚ್ಚರವಾಗಿ, ಡಾಕ್ಟರು ಆಗಬಹುದು ಎಂದ ಮೇಲೆ ಚಮಚದಲ್ಲಿ ನೀರು, ಅದು ಹೊಟ್ಟೆಯಲ್ಲಿ ನಿಂತ ಮೇಲೆ ತೆಳು ಗಂಜಿ.

ಮಾಯಿ ಬದುಕಿದಳು. ಸ್ವಲ್ಪ ಕುಂಟುತ್ತಾಳೆ. ಊರವರು ಸಂತೋಷಪಟ್ಟರೂ ಬೆಟ್ಟಮ್ಮ ನಗಲಿಲ್ಲ. "ಅವನ್ಗೂ ಇಷ್ಟು ಮಾಡಿದ್ರೆ ಸಾಕಿತ್ತು" ಎಂದಳು.

ಇದನ್ನು ಕೇಳುತ್ತಿರುವ ತಾಯಂದಿರೇ, ಅಜ್ಜಿಯರೇ, ನಿಮಗೇ ಹೇಳುತ್ತಿರುವುದು. ಡಾಕ್ಟರು ಹೇಳಿದ ಹೊತ್ತಿನಿಂದ ಮಗುವಿನ ಬಾಯಿಗೆ ಏನೂ ಹಾಕಬೇಡಿ. ಹಾಲು, ಬೆಲ್ಲದ ಚೂರು, ತೀರ್ಥ, ಯಾವುದೂ ಬೇಡ. ಅಯ್ಯೋ ಪಾಪ ಎನ್ನುವ ನಿಮ್ಮ ಕರುಣೆಯೇ ಮಗುವಿನ ಉಸಿರು ಕಟ್ಟಿಸೀತು. ತಪ್ಪಿ ಹಾಕಿದ್ದರೆ ಮುಚ್ಚಿಡಬೇಡಿ, ಎದುರಿಗೆ ನಿಂತು ಹೇಳಿ. ಡಾಕ್ಟರು ಬೈದರೆ ಬೈಸಿಕೊಳ್ಳಿ. ಆಪರೇಷನ್ ನಾಳೆಗೆ ಹೋದರೆ ಹೋಗಲಿ. ನಾಳೆಗೆ ಮಗು ಇರಬೇಕು.