ಡ್ರಮ್ಮಿನ ಮುಚ್ಚಳ

ಆ ದಿನ ಬೆಳಿಗ್ಗೆ ಮಳೆ ನಿಂತಿತ್ತು. ಎಷ್ಟೋ ದಿನ ಬಿಡದೆ ಸುರಿದ ಮೋಡ ಚದುರಿ, ಗೋಡೆಗಳ ಮೇಲೆ ಎಳೆಬಿಸಿಲು ಬಿದ್ದು, ನೆಲದಿಂದ ಹಬೆ ಏಳುತ್ತಿತ್ತು. ಒಂದೆಲೆಯೂ ಅಲುಗಾಡುತ್ತಿರಲಿಲ್ಲ. ಇಂಥ ಬೆಳಗನ್ನು ಕೊಟ್ಟ ದೇವರಿಗೆ ಕೈಮುಗಿದು ಒಂದು ಗಳಿಗೆ ಸುಮ್ಮನೆ ಕೂರಬೇಕು ಅನ್ನಿಸುತ್ತದೆ. ಆದರೆ ಆ ಓಣಿಯಲ್ಲಿ ಅಂದು ಸುಮ್ಮನಿರುವ ಸ್ಥಿತಿ ಇರಲಿಲ್ಲ. ಹೊಲಿಗೆ ಅಕ್ಕ ಸೊಂಟಕ್ಕೆ ಕೈಯಿಟ್ಟು ಚರಂಡಿಯ ಪಕ್ಕ ನಿಂತಿದ್ದಳು.

“ಇದನ್ನ ಬಳಿಯೋಕೆ ಒಬ್ಬರಿಗೂ ಕೈಯಿಲ್ವಾ? ನಮ್ಮ ಮಕ್ಕಳ ರಕ್ತ ಅಂದ್ರೆ ಸೊಳ್ಳೆಗಳಿಗೆ ಪುಕ್ಕಟೆ ಊಟ ಅಂದ್ಕೊಂಡಿದ್ದಾರಾ?”

ಅವಳ ಸಂಕಟ ಸುಳ್ಳಲ್ಲ. ದೊಡ್ಡ ಮಗಳಿಗೆ ಬಂದಿರುವುದು ಡೆಂಗಿ ಜ್ವರ ಎಂದು ಹಿಂದಿನ ದಿನವಷ್ಟೇ ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಹುಡುಗಿಯ ಮೈ ಕಾದ ಹಂಚಾಗಿತ್ತು. ಅದೇ ಕೋಣೆಯಲ್ಲಿ ಇನ್ನೂ ಅಂಬೆಗಾಲಿಡುವ ಚಿಕ್ಕ ಮಗು. ಅದರ ಮೊಣಕಾಲ ಮೇಲೂ ಸೊಳ್ಳೆ ಕಚ್ಚಿದ ಕೆಂಪು ಗುರುತು. ಈ ಕೂಸಿಗೂ ಬಂದರೆ?

ಎದುರುಮನೆಯ ತಗಡಿನ ಮಾಮ ಸುತ್ತಿಗೆ ಕೆಳಗಿಟ್ಟರು. ಡಬ್ಬ, ಮುಚ್ಚಳ, ಕೊಳವೆ ರಿಪೇರಿ ಮಾಡುವ ಕೆಲಸ ಅವರದು. “ಹೊಗೆ ಬಿಡೋ ಗಾಡಿ ತರಿಸ್ಬೇಕು ಕಣಮ್ಮ. ಒಂದ್ಸಲ ಬುಸ್ ಅಂದ್ರೆ ಮುಗೀತು.”

ಅಷ್ಟರಲ್ಲಿ ನರ್ಸಮ್ಮ ಬಂದರು. ಕೈಯಲ್ಲಿ ಟಾರ್ಚು, ಒಂದು ಬಿಳಿ ಬಟ್ಟಲು.

“ಬನ್ನಿ ನರ್ಸಮ್ಮ, ನಮ್ಮ ಅರಮನೆ ಕಾಲುವೆ ನೋಡಿ!” ಎಂದಳು ಅಕ್ಕ.

“ಚರಂಡಿ ಆಮೇಲೆ ನೋಡೋಣ. ಮೊದಲು ನಿಮ್ಮನೆ ನೀರು ತೋರ್ಸಿ ಅಕ್ಕ.”

“ನಮ್ಮನೆ ನೀರಾ? ಗಲೀಜು ಮಾಡೋರು ಬೀದಿಯವರು, ತಪಾಸಣೆ ನಮಗಾ? ನನ್ನ ಡ್ರಮ್ಮಿನ ನೀರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು!”

“ಅದಕ್ಕೇ ಕೇಳ್ತಿರೋದು. ಡೆಂಗಿ ಸೊಳ್ಳೆಗೂ ನಿಮ್ಮ ಹಾಗೇ, ತಿಳಿನೀರೇ ಬೇಕು.”

“ಓಹೋ, ಸೊಳ್ಳೆಗೂ ಶೋಕಿ ಬಂತಾ!” ಎಂದು ಮಾಮ ನಕ್ಕರು.

ಹೊಲಿಗೆ ಯಂತ್ರ, ಬಟ್ಟೆಚೂರಿನ ರಾಶಿ ದಾಟಿ ಮೂವರೂ ಹಿತ್ತಲ ಬಚ್ಚಲಿಗೆ ಹೋದರು. ಮೂಲೆಯಲ್ಲಿ ತಗಡಿನ ಡ್ರಮ್ಮು. ಮೇಲೆ ಅಕ್ಕ ಬಟ್ಟೆ ಕತ್ತರಿಸುವ ಹಲಗೆ ಅಡ್ಡ ಇಟ್ಟಿದ್ದಳು. ಚೊಂಬು ಅದ್ದಲು ಅರ್ಧ ಬಾಯಿ ತೆರೆದೇ ಇತ್ತು. ನರ್ಸಮ್ಮ ಟಾರ್ಚು ಬಿಟ್ಟರು. ದಾರದ ಚೂರಿನಂಥವು ನೂರಾರು, ಬೆಳಕು ಬಿದ್ದೊಡನೆ ಕೊಂಕುತ್ತ ಕೆಳಗಿಳಿದವು. ಬಟ್ಟಲಲ್ಲಿ ಮೊಗೆದಾಗ ಬಿಳಿ ತಳದ ಮೇಲೆ ಒಂದೊಂದೂ ಕಂಡಿತು.

“ಅಯ್ಯೋ, ಅದು ನೀರುಹುಳ. ಯಾವಾಗ್ಲೂ ಇರುತ್ತೆ. ನಾನು ಲೈನಿಂಗ್ ಬಟ್ಟೇಲಿ ಸೋಸ್ಕೊಂಡೇ ಕುಡಿಯೋದು.”

“ಇದು ಸೊಳ್ಳೆ ಮರಿ ಅಕ್ಕ. ನೀವು ಸೋಸಿದ್ದು ಬಟ್ಟೇಲಿ ಉಳೀತು. ಸೋಸದೆ ಬಿಟ್ಟಿದ್ದು ರೆಕ್ಕೆ ಬಂದು ನಿಮ್ಮ ಮಂಚದ ಕೆಳಗೆ ಹೋಗಿ ಕೂತಿದೆ. ಕಾಲಿಗೆ ಬಿಳಿ ಪಟ್ಟೆ ಇರುತ್ತೆ. ಕಚ್ಚೋದು ಹಗಲಲ್ಲಿ, ನೀವು ಮೆಷಿನ್ ತುಳೀತಾ ಕೂತಿರುವಾಗ. ರಾತ್ರಿ ಕಿವೀಲಿ ಗುಂಯ್ ಅನ್ನೋ ಚರಂಡಿ ಸೊಳ್ಳೆ ಬೇರೆ, ಇದು ಬೇರೆ.”

ಅಕ್ಕ ಬಟ್ಟಲನ್ನೇ ನೋಡಿದಳು. ಮುಖ ಬಿಳಿಚಿ, ಮರುಕ್ಷಣ ಕೆಂಪಾಯಿತು.

“ನಲ್ಲೀಲಿ ದಿನಾ ನೀರು ಬಿಟ್ಟಿದ್ರೆ ನಾನ್ಯಾಕೆ ತುಂಬಿಡ್ತಿದ್ದೆ? ಯಾವತ್ತು ಬರುತ್ತೋ ದೇವರಿಗೇ ಗೊತ್ತು. ಹಳೇ ನೀರಿನ ಮೇಲೇ ಹೊಸದು ತುಂಬ್ಕೊಂಡು ಬಾಳ್ತಿದ್ದೀನಿ. ಈಗ ಇರೋದನ್ನೂ ಚೆಲ್ಲು ಅಂತೀರಾ?”

“ನಿಮ್ಮ ಸಿಟ್ಟು ನ್ಯಾಯವೇ. ಅದನ್ನ ಆಫೀಸಿಗೆ ತಗೊಂಡು ಹೋಗೋಣ. ನೀರಿಗೂ ಕೇಳೋಣ, ಚರಂಡಿಗೂ ಕೇಳೋಣ, ನಾನೂ ಬರ್ತೀನಿ. ಆದ್ರೆ ಸೊಳ್ಳೆ ಆಫೀಸಿನ ಬಾಗಿಲು ತೆರೆಯೋ ತನಕ ಕಾಯಲ್ಲ. ನೀರು ಚೆಲ್ಲಬೇಡಿ. ಸೋಸಿ ಬಕೆಟ್ಟಿಗೆ ತುಂಬಿ, ಬಟ್ಟೆ ಒಗೆಯೋಕೆ ಇವತ್ತೇ ಬಳಸಿ. ಸೋಸಿದ ಬಟ್ಟೇನ ಒಣನೆಲದ ಮೇಲೆ ಕೊಡವಿ. ಖಾಲಿ ಡ್ರಮ್ಮಿನ ಒಳಗೋಡೆ ಬ್ರಷ್ಷಿನಿಂದ ಗಸಗಸ ಉಜ್ಜಿ. ಮೊಟ್ಟೆ ಅಂಟಿರೋದು ಅಲ್ಲಿ. ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ, ನೀರು ತಾಗಿದ್ರೆ ಸಾಕು, ಮರಿ. ವಾರಕ್ಕೊಂದ್ಸಲ ಹೀಗೆ ಉಜ್ಜಿ, ಬಿಗಿಯಾಗಿ ಮುಚ್ಚಿ. ಅಂದಹಾಗೆ, ಇದರ ಮುಚ್ಚಳ ಎಲ್ಲಿ?”

ಅಕ್ಕ ನಿಧಾನವಾಗಿ ಮಾಮನ ಕಡೆ ತಿರುಗಿದಳು. ಹಿಡಿ ಮುರಿದ ಮುಚ್ಚಳವನ್ನು ಮಳೆಗಾಲಕ್ಕೆ ಮೊದಲೇ ರಿಪೇರಿಗೆಂದು ಒಯ್ದವರು ಅವರು. ಎದುರಿನ ಅವರ ಅಂಗಡಿಯಲ್ಲಿ ಅದು ಅಂಗಾತ ಬಿದ್ದಿತ್ತು, ಮೊಳೆ, ಸ್ಕ್ರೂ ಹಾಕುವ ತಟ್ಟೆಯಾಗಿ.

“ಕೇಳ್ದಾಗೆಲ್ಲ ನಾಳೆ ನಾಳೆ ಅಂದ್ರಲ್ಲ ಮಾಮ! ನನ್ನ ಮಗಳು ಅಲ್ಲಿ ಬೇಯ್ತಾ ಇದ್ದಾಳೆ!”

“ಒಂದು ಮುಚ್ಚಳಕ್ಕೆ ಇಷ್ಟೊಂದು...” ಎಂದು ಶುರುಮಾಡಿದ ಮಾಮ ಬಟ್ಟಲಿನ ಕಡೆ ನೋಡಿ ಮಾತು ನುಂಗಿದರು. ನರ್ಸಮ್ಮನನ್ನು ಕೇಳಿದರು, “ಹೊಗೆ ಬಿಟ್ರೆ ಇವು ಸಾಯಲ್ವಾ?”

“ಹಾರೋ ಸೊಳ್ಳೆ ಸಾಯಬಹುದು. ಇವು ನೀರೊಳಗೆ ಹಾಯಾಗಿರ್ತವೆ. ನಿಮ್ಮ ಅಂಗಡಿ ಹಿಂದಿನ ಡಬ್ಬಗಳಲ್ಲೂ ಮಳೆನೀರು ನಿಂತಿದೆ, ಬರ್ತಾ ನೋಡ್ದೆ.”

ಮಾಮ ತಲೆ ತಗ್ಗಿಸಿ ಹೊರಟುಹೋದರು.

ನರ್ಸಮ್ಮ ಒಳಗೆ ಹೋಗಿ ಹುಡುಗಿಯ ಹಣೆ ಮುಟ್ಟಿದರು. “ಇವಳನ್ನ ಹಗಲೂ ಸೊಳ್ಳೆಪರದೆ ಒಳಗೇ ಮಲಗಿಸಿ, ಕೂಸನ್ನೂ ಅಷ್ಟೆ. ಇವಳನ್ನ ಕಚ್ಚಿದ ಸೊಳ್ಳೆ ಕೆಲವು ದಿನ ಆದ್ಮೇಲೆ ಇನ್ನೊಬ್ಬರಿಗೆ ರೋಗ ದಾಟಿಸುತ್ತೆ. ನೀರು, ಗಂಜಿ ಕುಡಿಸ್ತಾ ಇರಿ. ಡಾಕ್ಟರು ಹೇಳದ ನೋವಿನ ಮಾತ್ರೆ ಕೊಡಬೇಡಿ. ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಎಲ್ಲಾದ್ರೂ ರಕ್ತ, ತೀರಾ ಮಂಪರು, ಯಾವುದು ಕಂಡ್ರೂ ತಕ್ಷಣ ಆಸ್ಪತ್ರೆಗೆ ಬನ್ನಿ. ಜ್ವರ ಇಳೀತು ಅಂತ ಮೈಮರೆಯಬೇಡಿ, ಅಪಾಯ ಬರೋದು ಆಗಲೇ.”

ಅಕ್ಕ ಸೆರಗು ಸಿಕ್ಕಿಸಿದಳು. ಚರಂಡಿಗೆ ಬೈದಷ್ಟೇ ರೋಷದಿಂದ ಡ್ರಮ್ಮು ಉಜ್ಜಿದಳು.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ಬೀದಿಯ ಗಲೀಜನ್ನು ಕಂಡು ಕೋಪಿಸಿಕೊಳ್ಳಿ, ಕೋಪಿಸಿಕೊಳ್ಳಲೇಬೇಕು. ಆದರೆ ಕೂಗಿ ಬಂದ ಮೇಲೆ ಒಮ್ಮೆ ನಿಮ್ಮ ಬಚ್ಚಲಿಗೆ ಟಾರ್ಚು ಹಿಡಿಯಿರಿ. ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಮೂಲೆಗೆಸೆದ ಟೈರು, ಎಲ್ಲವನ್ನೂ ಇವತ್ತೇ ಬರಿದು ಮಾಡಿ. ನೀರು ದೇವರು ಕೊಟ್ಟದ್ದು, ಅದನ್ನು ಮುಚ್ಚಿಡುವ ಕೈ ನಮ್ಮದು. ನೆರೆಯವರ ಮುಚ್ಚಳವೇನಾದರೂ ನಿಮ್ಮ ಮನೆಯಲ್ಲಿ ಬಿದ್ದಿದ್ದರೆ, ನಾಳೆ ಎನ್ನಬೇಡಿ.

ಬಿಸಿಲು ಇಳಿಯುವ ಹೊತ್ತಿಗೆ ಮಾಮ ಹೊಸಿಲ ಬಳಿ ಬಂದು ನಿಂತರು. ಹೊಲಿಗೆ ಯಂತ್ರದ ಸದ್ದು ನಿಂತಿತು. ಒಳಗೆ ಪರದೆಯಡಿ ಕೂಸು ಜ್ವರದ ಹುಡುಗಿಯ ಬೆರಳು ಹಿಡಿದು ಮಲಗಿತ್ತು. ಮುಚ್ಚಳಕ್ಕೆ ಹೊಸ ಹಿಡಿ ಬಂದಿತ್ತು. ಸೊಟ್ಟಗಿದ್ದ ಅಂಚು ನೆಟ್ಟಗಾಗಿತ್ತು. ಸುತ್ತಲೂ, ಸೊಳ್ಳೆಯಿರಲಿ, ಗಾಳಿಯೂ ನುಸುಳದಂತೆ ಸೈಕಲ್ ಟ್ಯೂಬಿನ ಪಟ್ಟಿ ಕೂರಿಸಿದ್ದರು. ಎರಡೂ ಕೈಯಲ್ಲಿ ಹಿಡಿದು, ಅವರು ಅದನ್ನು ತಾಯಿಯ ಕೈಗಿಟ್ಟರು.