ಹೊರಗಿನ ಪೆಟ್ಟಿಗೆಯ ಬಿಸಿಗಾಳಿ

ಮಗುವಿನ ಕತ್ತಿನ ಮಡಿಕೆಯಲ್ಲಿ ಬೆವರುಸಾಲೆ ಕೆಂಪಗೆ ಎದ್ದಿತ್ತು. ಅಜ್ಜಿ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸುತ್ತಿದ್ದಳು. ಗೋಡೆಯ ಮೇಲಿನ ಎಸಿ ಗುರ್ ಎನ್ನುತ್ತಿತ್ತೇ ಹೊರತು ಅದರಿಂದ ಬರುತ್ತಿದ್ದುದು ಬರೀ ಗಾಳಿ.

"ಅಮ್ಮಾ, ಇವರು ಸಂಜೆ ಕಾರು ತರ್ತಾರಂತೆ," ಮಗಳು ಫೋನು ಕೆಳಗಿಟ್ಟಳು. "ಕೋಣೆ ತಣ್ಣಗಿದ್ರೆ ಇರಿ, ಇಲ್ಲಾಂದ್ರೆ ಹೊರಡೋಣ ಅಂದ್ರು."

"ತಿಂಗಳು ಇರ್ತೀನಿ ಅಂದಿದ್ದೆಯಲ್ಲೇ."

"ಹೋಗೋಕೆ ನಂಗೇನು ಆಸೆನಾ? ಮಗು ರಾತ್ರಿಯೆಲ್ಲ ಅತ್ತಿದೆ. ನಿನ್ನ ಮೆಕ್ಯಾನಿಕ್ ಮಹಾರಾಯ ನೋಡಿದ್ರೆ ನಾಡಿದ್ದು ಬರ್ತಾನಂತೆ."

ಅಜ್ಜಿ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿ ಹಿಂಡಿದಳು. ಮಗಳು, ಮಗು ಬಂದು ವಾರವೂ ಆಗಿರಲಿಲ್ಲ. ತೊಟ್ಟಿಲ ಕಿರುಗುಟ್ಟುವ ಸದ್ದಿಗೆ ಅವಳ ಕಿವಿ ಈಗ ತಾನೇ ಹೊಂದಿಕೊಳ್ಳುತ್ತಿತ್ತು.

ಒದ್ದೆ ಮಾಡಿದ ಕತ್ತಿಗೆ ಗಾಳಿ ತಾಗಿ ಮಗು ಒಂದು ಗಳಿಗೆ ಅಳು ನಿಲ್ಲಿಸಿತು. ಅದನ್ನು ಕಂಡದ್ದೇ ತಡ, ಅಜ್ಜಿಗೆ ಎಷ್ಟೋ ವರ್ಷದ ಹಿಂದಿನ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದಂತಾಯಿತು.

ಅವಳ ಗಂಡ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಈ ಎಸಿ ತಂದ ಬೇಸಿಗೆಯಲ್ಲಿ ಮಗಳಿನ್ನೂ ಎರಡು ಜಡೆಯ ಹುಡುಗಿ. "ಅಪ್ಪಾ, ಇದಕ್ಕೆ ಐಸು ಯಾರು ತುಂಬ್ತಾರೆ?" ಎಂದು ಕೇಳಿದ್ದಳು. ಅವನು ಹತ್ತಿಯಲ್ಲಿ ಸ್ಪಿರಿಟ್ಟು ಅದ್ದಿ ಅವಳ ಅಂಗೈಗೆ ಸವರಿದ್ದ.

"ತಣ್ಣಗಾಯ್ತಾ? ಅದು ಆರಿ ಹೋಗ್ತಾ ನಿನ್ನ ಕೈಯ ಬಿಸಿನ ಎತ್ಕೊಂಡು ಹೋಯ್ತು. ಎಸಿ ಪೈಪಿನೊಳಗೂ ಅಂಥವನೇ ಒಬ್ಬ ಕೂಲಿಯವನಿದ್ದಾನೆ ಅಂತಿಟ್ಕೋ. ಕೋಣೆಯ ಬಿಸಿನ ಹೊತ್ಕೊಂಡು ಹೊರಗೆ ಹೋಗ್ತಾನೆ. ಅಲ್ಲಿನ ಪೆಟ್ಟಿಗೆ ಅವನನ್ನ ಚೆನ್ನಾಗಿ ಹಿಂಡಿ, ಹೊರೆ ಇಳಿಸಿ, ಮತ್ತೆ ಒಳಗೆ ಅಟ್ಟುತ್ತೆ. ಎಸಿ ತಂಪನ್ನ ಮಾಡಲ್ಲ ಪುಟ್ಟೀ, ಬಿಸಿನ ಸಾಗಿಸುತ್ತೆ."

"ಹೊರಗೆ ಇಳಿಸೋಕೆ ಜಾಗ ಇಲ್ಲದಿದ್ರೆ?"

"ಹೊತ್ತಿದ್ದನ್ನ ಹೊತ್ಕೊಂಡೇ ವಾಪಸ್ ಬರ್ತಾನೆ ಪಾಪ!"

ಅಂದಿನಿಂದ ಮಗಳು ಭಾನುವಾರ ತಲೆಸ್ನಾನ ಮಾಡಿ ಬಾಲ್ಕನಿಯ ಪೆಟ್ಟಿಗೆಯ ಮುಂದೆ ಕೂರುತ್ತಿದ್ದಳು. ಕೋಣೆಯ ಬಿಸಿಯಲ್ಲಿ ಕೂದಲು ಒಣಗಿಸುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ.

ಅಜ್ಜಿಯ ಕೈ ಅಲ್ಲೇ ನಿಂತಿತು. "ಅಯ್ಯೋ, ನನ್ನ ಬುದ್ಧಿಗಿಷ್ಟು!"

ಮಗುವನ್ನು ಮಗಳ ಮಡಿಲಿಗೆ ದಾಟಿಸಿ ಬಾಲ್ಕನಿಗೆ ಓಡಿದಳು. ಮಗಳೂ ಮಗುವನ್ನೆತ್ತಿಕೊಂಡು ಹಿಂದೆಯೇ ಬಂದಳು. ಪಕ್ಕದ ಕಟ್ಟಡ ಒಡೆಯಲು ಶುರುಮಾಡಿದಾಗ, ಗಂಡ ಆಸೆಪಟ್ಟು ತಂದ ಪೆಟ್ಟಿಗೆಗೆ ಸಿಮೆಂಟು ಧೂಳು ಕೂರದಿರಲೆಂದು ಅಜ್ಜಿಯೇ ಅದಕ್ಕೆ ಹಳೆಯ ಜಮಖಾನ ಸುತ್ತಿ ಹಗ್ಗ ಬಿಗಿದಿದ್ದಳು. ಈಗ ಮುಟ್ಟಿದರೆ ಜಮಖಾನ ಕಾದ ಕಾವಲಿ.

ಮಗಳು ಬಿದ್ದು ಬಿದ್ದು ನಕ್ಕಳು. "ಎಸಿಗೆ ಹೊದಿಸಿ ಮಲಗಿಸಿದ್ಯಾ ಅಮ್ಮಾ? ಶೀತ ಆಗುತ್ತೆ ಅಂತಾನಾ?"

"ನಕ್ಕಿದ್ದು ಸಾಕು, ಹೋಗಿ ಆಫ್ ಮಾಡು. ತಕ್ಷಣ ಹಾಕ್ಬೇಡ. ಕೂಲಿಯವನು ಸುಧಾರಿಸ್ಕೊಳ್ಳಲಿ."

"ಥೇಟ್ ಅಪ್ಪನ ಮಾತು," ಎಂದಳು ಮಗಳು. ಅವಳ ನಗು ತುಸು ಮೆತ್ತಗಾಗಿತ್ತು.

ಅಜ್ಜಿ ಹಗ್ಗದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಜಮಖಾನ ಕೊಡವಿದಾಗ ಧೂಳೆಲ್ಲ ಅವಳ ತಲೆಯ ಮೇಲೆಯೇ ಬಿತ್ತು. ಪೆಟ್ಟಿಗೆಯ ಕಾವು ಆರಿದ ಮೇಲೆ ಮಗಳು ಸ್ವಿಚ್ಚು ಒತ್ತಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹೊರಗಿನ ಪೆಟ್ಟಿಗೆಯಿಂದ ಟಕ್ ಎಂದು ಒಂದು ಸದ್ದು, ಹಿಂದೆಯೇ ಬಿಸಿಗಾಳಿ.

ಸಂಜೆ ಅಳಿಯ ಬಂದವನು ನೇರ ಕೋಣೆಗೆ ಹೋದ. ತೊಟ್ಟಿಲಿಗೆ ಬಗ್ಗಿ ಮಗುವಿನ ಕತ್ತು ಮುಟ್ಟಿ ನೋಡಿದ. ಬಾಗಿಲ ಮರೆಯಲ್ಲಿ ಅಜ್ಜಿ ನಿಂತು ನೋಡುತ್ತಿದ್ದಳು.

"ಅತ್ತೆ, ಇವನಿಗೆ ಹೊದಿಸೋಕೆ ಏನಾದ್ರೂ ಇದೆಯಾ?"

"ಜಮಖಾನ ಇದೆ!" ಎಂದು ಮಗಳು ಬಾಯಿಗೆ ಸೆರಗು ಅಡ್ಡಹಿಡಿದಳು. ಅಳಿಯನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಕಾರಿನ ಕೀಲಿಯನ್ನು ಜೇಬಿಗೆ ಇಳಿಸಿ ನೆಮ್ಮದಿಯಾಗಿ ಕೂತ.

ಅಜ್ಜಿ ಮೆತ್ತನೆಯ ಹತ್ತಿಯ ಬಟ್ಟೆ ತಂದು ಮಗುವಿಗೆ ಹೊದಿಸಿ, ತಲೆಯ ಧೂಳು ತೊಳೆಯಲು ಹೋದಳು.

ಎಷ್ಟು ಹೊತ್ತಾದರೂ ಕಾಣದಿದ್ದಾಗ ಮಗಳು ಕೂಗಿದಳು, "ಅಮ್ಮಾ, ಎಲ್ಲಿದ್ದೀಯಾ?"

"ಬಂದೆ ಕಣೇ," ಬಾಲ್ಕನಿಯಿಂದ ದನಿ ಬಂತು. "ತಲೆ ಒಣಗಿಸ್ಕೊಳ್ತಿದ್ದೀನಿ."