ಬಿಸಿಲಿಗೆ ಮಾತ್ರ ಸೋರುವ ಟ್ಯಾಂಕು

ಮೂರನೆಯ ಸಲವೂ ಪೆಟ್ರೋಲಿನ ಹನಿ ಬಿದ್ದದ್ದು ಜಯರಾಮುವಿನ ಬೋಳುತಲೆಯ ನಟ್ಟನಡುವೆಯೇ. ವಿಮಾನದ ಸೀಟಿನಲ್ಲಿ ಕೂತು, ದೊಡ್ಡೇರಿಯ ಹೊರಗಿನ ತನ್ನ ಬಯಲು ಹೊಲದಿಂದಲೇ ಮಧುಗಿರಿ ಬೆಟ್ಟವನ್ನು ಮನಸ್ಸಿನಲ್ಲಿ ಒಂದು ಸುತ್ತು ಹಾಕುತ್ತಿದ್ದವನು ತಟ್ಟನೆ ನೆಲಕ್ಕಿಳಿದ.

“ಯಶೋದಾ! ಮತ್ತೆ ಉಚ್ಚೆ ಹುಯ್ತು ಕಣಮ್ಮ ನಿನ್ನ ಕೂಸು!”

ರೆಕ್ಕೆಯ ಕೆಳಗೆ ಬಟ್ಟೆ ಹಿಡಿದು ನಿಂತಿದ್ದ ಯಶೋದಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊಲದ ಬದುವಿನ ಮೇಲೆ ಕೋಲೂರಿ ನಿಂತಿದ್ದ ಕುರಿಗಾಹಿ ಬೋರಣ್ಣನಿಗೆ ಮಾತ್ರ ಹಬ್ಬ.

“ಊರೋರ ಹೊಲಕ್ಕೆಲ್ಲ ಹನಿ ಹನಿಯಾಗಿ ನೀರು ಬುಡೋ ಪೈಪು ಮಾರ್ತೀಯಲ್ಲ ಜಯರಾಮಣ್ಣ, ಈಗ ನಿನ್ನ ತಲೆಗೂ ಒಂದು ಕನೆಕ್ಷನ್ ಸಿಕ್ತು ಬುಡು!”

“ಬೀಡಿ ಆರಿಸ್ಲಾ ಮೊದ್ಲು! ಆ ಕಡೆ ಹೋಗು!” ಎಂದು ಜಯರಾಮು ಅವನನ್ನು ಅಟ್ಟಿದ.

ಜಯರಾಮು ಹನಿ ನೀರಾವರಿಯ ಅಂಗಡಿಯಿಂದ ಬಂದ ಲಾಭವನ್ನೆಲ್ಲ ವರ್ಷಗಳಿಂದ ಈ ಎರಡು ಸೀಟಿನ ವಿಮಾನಕ್ಕೆ ಉಣಿಸಿದ್ದ. ಚೌಕಟ್ಟು, ರೆಕ್ಕೆ, ಚಕ್ರ ಎಲ್ಲ ಅವನದೇ ಕೈಕೆಲಸ. ಸೀಟಿನ ನೆತ್ತಿಯ ಮೇಲೆ, ರೆಕ್ಕೆಯೊಳಗೆ ಕೂರುವ ಪೆಟ್ರೋಲ್ ಟ್ಯಾಂಕೊಂದನ್ನು ಮಾತ್ರ ಯಶೋದಳಿಗೆ ಒಪ್ಪಿಸಿದ್ದ. ಸಿರಾದ ಲಿಯಾಕತ್ ಅಲಿಯ ಬಸ್ ಬಾಡಿ ಶೆಡ್ಡಿನಲ್ಲಿ ಅವಳು ತಗಡಿನ ಕೆಲಸದವಳು. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿದ್ದಳು. ಸಂಜೆ ಕಲಿತ ವಿದ್ಯೆ ಹಗಲು ಕಾಲೇಜಿನವರ ವಿದ್ಯೆಗಿಂತ ಒಂದು ಗುಲಗಂಜಿ ತೂಕವಾದರೂ ಕಡಿಮೆಯೇ ಇರಬೇಕೆಂಬ ಗುಮಾನಿ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಮನೆಗೆ ಬೀಗ ಹಾಕಿದರೆ ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ಎಳೆದು ನೋಡುವ ಜಾತಿ. ಬಸ್ಸಿನ ಕೆಲಸವೆಂದರೆ ಹತ್ತು ಕೈ ಸೇರಿದ ಕೆಲಸ. ಈ ಟ್ಯಾಂಕು ಹಾಗಲ್ಲ. ನಕ್ಷೆ ಬರೆದದ್ದರಿಂದ ಹಿಡಿದು ಕೊನೆಯ ರಿವೆಟ್ಟಿನವರೆಗೆ ಅವಳೊಬ್ಬಳದೇ. ಅದಕ್ಕೇ ಆ ಒಂದೊಂದು ಹನಿಯೂ ಅವಳ ಕಣ್ಣಿಂದಲೇ ಉದುರಿದಂತಿತ್ತು.

ಜಯರಾಮು ತಲೆ ಒರೆಸಿಕೊಳ್ಳುತ್ತ ಹೇಳಿದ: “ನೋಡಮ್ಮ, ಬೇಜಾರು ಮಾಡ್ಕೋಬೇಡ. ಭಾನುವಾರ ಇದನ್ನ ಮೊದಲ ಸಲ ಹಾರಿಸೋಕೆ ಪೈಲಟ್ ರಂಗೇಶ್ ಬರ್ತಾರೆ. ಅಷ್ಟರಲ್ಲಿ ನಿಲ್ತೋ ಸರಿ. ಇಲ್ಲಾಂದ್ರೆ ಪ್ಲಾಸ್ಟಿಕ್ ಟ್ಯಾಂಕ್ ಒಂದು ತರಿಸಿಟ್ಟಿದೀನಿ. ಮುಚ್ಚಳ ಇದನ್ನೇ ತಿರುಗಿಸಿದ್ರಾಯ್ತು, ಅಳತೆ ಒಂದೇ.”

ಅಂದರೆ ಮುಚ್ಚಳ ಉಳಿಯುತ್ತದೆ, ಯಶೋದ ಹೋಗುತ್ತಾಳೆ. “ಆಗ್ಲಿ ಅಣ್ಣ,” ಎಂದಳು.

ವಿಚಿತ್ರವೇನೆಂದರೆ, ಸಿರಾದ ಶೆಡ್ಡಿನೊಳಗೆ ಆ ಟ್ಯಾಂಕು ಅಪ್ಪಟ ಸಂಭಾವಿತ. ಸೋರಿದಾಗಲೆಲ್ಲ ಅವಳು ಅದನ್ನು ಬಿಚ್ಚಿ, ಪೆಟ್ರೋಲ್ ಬಸಿದು, ಅಲ್ಲಿಗೆ ಒಯ್ದು ಒಣಗಿಸಿ, ಮೂಲೆಯ ಹಳೆಯ ಅಂಟನ್ನು ಮರದ ಚಕ್ಕೆಯಲ್ಲಿ ಕೆರೆದು ಹೊಸದು ಮೆತ್ತುತ್ತಿದ್ದಳು. ಆಮೇಲೆ ಪರೀಕ್ಷೆ. ಮುಚ್ಚಳ ತೆಗೆದ ಬಾಯಿಗೆ ಒಂದು ಬಲೂನು ಕಟ್ಟಿ, ಕೆಳಗಿನ ನಳಿಕೆಯಿಂದ ಗಾಳಿ ಊದಿ, ಅಂಟುವಾಳದ ನೊರೆಯನ್ನು ಬ್ರಷ್ಷಿನಲ್ಲಿ ಅಂಚಿಗೆಲ್ಲ ಬಳಿಯುವುದು. ಎಲ್ಲಿ ಗುಳ್ಳೆ ಎದ್ದಿತೋ ಅಲ್ಲಿ ತೂತು. ಗುಳ್ಳೆಯೇ ಏಳುತ್ತಿರಲಿಲ್ಲ. ಬಲೂನು ಬೆಳಗಿನವರೆಗೂ ಗುಂಡಗೆ, ಮದುವೆಮನೆಯ ಬೀಗರ ಹಾಗೆ ಕೂತಿರುತ್ತಿತ್ತು. ಹೊಲಕ್ಕೆ ತಂದು ವಿಮಾನಕ್ಕೆ ಕಟ್ಟಿ, ಪೆಟ್ರೋಲ್ ತುಂಬಿ, ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂತೆಂದರೆ ತೊಟ್ಟು, ತೊಟ್ಟು.

“ಬೇಟಿ, ನಿನ್ನ ಟ್ಯಾಂಕಿಗೆ ನಾಚಿಕೆ ಜಾಸ್ತಿ. ಜನ ನೋಡಿದ್ರೆ ಬೆವರ್ತದೆ,” ಎಂದು ಲಿಯಾಕತ್ ಅಲಿ ನಕ್ಕಿದ್ದರು. ಅವಳಿಗೆ ನಗು ಬಂದಿರಲಿಲ್ಲ. ತನ್ನ ಪರೀಕ್ಷೆಯಲ್ಲೇ ಏನೋ ತಪ್ಪಿರಬೇಕು, ಸಂಜೆ ತರಗತಿಯಲ್ಲಿ ಆ ಪಾಠದ ದಿನ ತಾನು ತೂಕಡಿಸಿರಬೇಕು ಎಂದು ಕೊರಗಿದ್ದಳು.

ಶುಕ್ರವಾರ ಅವಳು ಶೆಡ್ಡಿಗೆ ರಜೆ ಹಾಕಿ ಬಂದಳು. ಬಿಸಿಲಲ್ಲೇ ಸೋರುವುದಾದರೆ ಬಿಸಿಲಲ್ಲೇ ಕೂತು ನೋಡುವುದು ಎಂಬುದು ಅವಳ ಹಟ. ಅವಳೂ ಜಯರಾಮುವೂ ವಿಮಾನವನ್ನು ಹೊಲದಂಚಿನ ಚಪ್ಪರದಿಂದ ತಳ್ಳಿ ಬಯಲಿಗೆ ನಿಲ್ಲಿಸುತ್ತಿದ್ದಂತೆ ಅವನ ತಾಯಿ ಪಟಾಲಮ್ಮ ಕೈಯಲ್ಲಿ ಬಟ್ಟಲು, ಕಂಕುಳಲ್ಲಿ ಸ್ಟೂಲು ಹಿಡಿದು ಬಂದರು. ಪಾವಗಡದ ಕಡೆಯ ಹೆಂಗಸು. ಸಿಟ್ಟು ಬಂದರೂ ಪ್ರೀತಿ ಬಂದರೂ ಬಾಯಿಗೆ ತೆಲುಗೇ ಮೊದಲು.

“ಆಗು ನಾಯನಾ, ದೃಷ್ಟಿ ತೆಗೀದೆ ಎಲ್ಲಿಗೆ ತಳ್ತೀಯ?” ಎಂದು ಮಗನನ್ನು ತಡೆದು, ಸ್ಟೂಲು ಹತ್ತಿ, ರೆಕ್ಕೆಯ ಮೇಲೆ ಕೈಚಾಚಿ ಅರಿಶಿನ ಕುಂಕುಮ ಮೆತ್ತಿದರು. ಸೋರತೊಡಗಿದ ಮೇಲಂತೂ ಅವರು ಪ್ರತಿ ಸಲವೂ ಒಂದು ಬೊಟ್ಟು ಹೆಚ್ಚಿಗೆ ಇಡುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಕುಂಕುಮವಿಲ್ಲದ ಬಂಡಿಯನ್ನು ಆ ಸೀಮೆಯಲ್ಲಿ ಯಾರು ನೋಡಿದ್ದಾರೆ?

ಯಶೋದ ರೆಕ್ಕೆಯ ಕೆಳಗೆ ಸ್ಟೀಲು ತಟ್ಟೆ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಳು. ಹೊತ್ತು ಏರಿತು. ರೆಕ್ಕೆಯ ತಗಡು ರೊಟ್ಟಿ ಹೆಂಚಿನಂತಾಯಿತು. ಹಿಂದಿನ ಬಲಮೂಲೆಯಲ್ಲಿ ಒಂದು ಹನಿ ಕಣ್ಣು ಬಿಟ್ಟಿತು, ದಪ್ಪಗಾಯಿತು, ತಟ್ಟೆಗೆ ಬಿತ್ತು.

ಅದೇ ಮೂಲೆ. ಒಳಗೆ ಪೆಟ್ರೋಲು ಯಾವ ಮಟ್ಟದಲ್ಲಿದೆಯೋ ನೋಡೋಣವೆಂದು ಸ್ಟೂಲು ಹತ್ತಿ ಮುಚ್ಚಳ ತಿರುಗಿಸಿದಳು.

ಬುಸ್ಸ್!

ನಾಗರ ಹೆಡೆಯೆತ್ತಿದಂಥ ಆ ಸದ್ದಿಗೆ ಬೋರಣ್ಣನ ಕುರಿಗಳು ದಿಕ್ಕಾಪಾಲಾದವು. ಯಶೋದ ಸ್ಟೂಲಿನಿಂದ ಬೀಳುವುದೊಂದು ಬಾಕಿ.

ದೂರದಿಂದ ಬೋರಣ್ಣ ಕೂಗಿದ: “ಹೊಟ್ಟೆ ಉಬ್ಬರ ಕಣಮ್ಮ ಅದಕ್ಕೆ! ಹಸೀ ಜೋಳದ ಸೊಪ್ಪು ತಿನ್ನಿಸಿದ್ಯಾ ಹೆಂಗೆ?”

ಯಶೋದ ಕೆಳಗಿಳಿದು ಮೂಲೆ ನೋಡಿದಳು. ಹನಿ ನಿಂತಿತ್ತು. ಮುಚ್ಚಳ ಹಾಕಿ ಕಾದಳು. ಸ್ವಲ್ಪ ಹೊತ್ತಿಗೆ ಹನಿ ಬಂತು. ತೆಗೆದಳು. ಬುಸ್ಸೆಂದು ನಿಂತಿತು. ಇದೂ ತನ್ನ ಭ್ರಮೆಯಿರಬಹುದೆಂದು ಮತ್ತೊಮ್ಮೆ ಹಾಕಿ ತೆಗೆದಳು. ಆಮೇಲೇ ಮುಚ್ಚಳವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ್ದು.

ಮುಚ್ಚಳದ ನಡುವೆ ಗಾಳಿಯಾಡಲೆಂದು ಅವಳೇ ಕೊರೆದಿದ್ದ ತೂತು ಇರಬೇಕಿತ್ತು. ಇರಲಿಲ್ಲ. ಅಲ್ಲಿ ಅರಿಶಿನ, ಅದರ ಮೇಲೆ ಕುಂಕುಮ, ಮತ್ತೆ ಅರಿಶಿನ, ಗಾರೆ ಹಾಕಿದಂತೆ ಗಟ್ಟಿಯಾಗಿ ಕೂತಿತ್ತು.

“ಅಣ್ಣಾ!” ಎಂದು ಅವಳು ಕೂಗಿದ ದನಿ ಅವಳಿಗೇ ಹೊಸದು.

ಜಯರಾಮು ಓಡಿ ಬಂದ. ಅವಳು ತೊದಲುತ್ತ ಬಿಡಿಸಿ ಹೇಳಿದಳು. ಬಿಸಿಲಿಗೆ ಒಳಗಿನ ಪೆಟ್ರೋಲು, ಆವಿ ಎರಡೂ ಹಿಗ್ಗುತ್ತವೆ. ಹೊರಹೋಗಲು ದಾರಿ ಇಲ್ಲ. ಒತ್ತಿ ಒತ್ತಿ ಕೊನೆಗೆ ಮೂಲೆಯಿಂದ ಜಿನುಗುತ್ತದೆ. ಶೆಡ್ಡಿನಲ್ಲಿ ಪರೀಕ್ಷೆ ಮಾಡುವಾಗ ಮುಚ್ಚಳದ ಜಾಗದಲ್ಲಿ ಬಲೂನಿರುತ್ತದೆ. ಬಲೂನು ಮೆತ್ತಗೆ ಹಿಗ್ಗಿ ಒತ್ತಡವನ್ನೇ ಏರಗೊಡುವುದಿಲ್ಲ, ಹಾಗಾಗಿ ಸೋರಿಕೆ ಎಂದೂ ಸಿಕ್ಕಿಬೀಳಲಿಲ್ಲ.

“ಹಂಗಾದ್ರೆ ನಿನ್ನ ಟ್ಯಾಂಕ್ ನೆಟ್ಟಗೇ ಐತೆ ಅನ್ನು! ತೂತು ಬಿಡಿಸಿ ಹಾರಿಸೋದೇ!”

“ನೆಟ್ಟಗೆ ಅಂತ ಹೆಂಗೆ ಹೇಳ್ಲಿ ಅಣ್ಣ, ಆ ಮೂಲೆ ಇನ್ನೂ ಸ್ವಲ್ಪ ತಡೀಬೇಕಿತ್ತು…” ಎಂದು ಶುರು ಮಾಡಿದವಳು ನಡುವೆಯೇ ನಿಂತಳು. “ಅಣ್ಣ, ಇದುವರೆಗೆ ನೀವು ಇಂಜಿನ್ ಓಡಿಸಿದ್ದೆಲ್ಲ ಪಕ್ಕಕ್ಕೆ ನೇತುಹಾಕಿದ ಕ್ಯಾನಿನಿಂದ, ಅಲ್ವಾ?”

“ಹ್ಞೂ.”

“ಈ ಟ್ಯಾಂಕಿಂದ ಓಡಿಸಿದ್ರೆ, ಪೆಟ್ರೋಲ್ ಕೆಳಗಿಳಿದಷ್ಟೂ ಮೇಲಿಂದ ಗಾಳಿ ಒಳಗೆ ಬರ್ಬೇಕು. ಬರ್ದೇ ಇದ್ರೆ ಪೆಟ್ರೋಲ್ ಇಳಿಯೋದೇ ನಿಲ್ತದೆ. ಇಂಜಿನ್ನೂ.”

ಜಯರಾಮುವಿನ ನಗು ಹಾಗೇ ಆರಿತು. ಅವನ ಕಣ್ಣು ಚಪ್ಪರದ ಮೂಲೆಯ ಪ್ಲಾಸ್ಟಿಕ್ ಟ್ಯಾಂಕಿನ ಕಡೆ ಹೋಯಿತು. ಅದು ಅಚ್ಚಿನಲ್ಲಿ ಎರೆದ ಒಂದೇ ತುಂಡು, ಒಂದು ಹನಿಯೂ ಜಿನುಗುತ್ತಿರಲಿಲ್ಲ. ಇದೇ ಮುಚ್ಚಳ ಹಾಕಿಕೊಂಡು, ಯಾರಿಗೂ ಏನೂ ಹೇಳದೆ, ಭಾನುವಾರ ರಂಗೇಶರನ್ನು ಮೇಲಕ್ಕೆ ಕರೆದೊಯ್ಯುತ್ತಿತ್ತು. ಜಯರಾಮು ಚಕ್ರಕ್ಕೆ ಒರಗಿ ಮಣ್ಣಲ್ಲೇ ಕೂತುಬಿಟ್ಟ.

“ಸೋರಿದ್ದೇ ಪುಣ್ಯ ಕಣಮ್ಮ,” ಎಂದ ಮೆಲ್ಲಗೆ.

ಈಗ ಪಟಾಲಮ್ಮನಿಗೆ ಹೇಳುವವರು ಯಾರು? ಜಯರಾಮು ನೆಲ ನೋಡಿದ. ಯಶೋದಳೇ ಮುಚ್ಚಳ ಹಿಡಿದು ಅಡುಗೆಮನೆ ಬಾಗಿಲಿಗೆ ಹೋದಳು.

“ಅಜ್ಜಿ, ನಿಮ್ಮ ತಪ್ಪಲ್ಲ. ನಾನೇ ಮಳೆ ನೀರು ಹೋದೀತು ಅಂತ ಹೆದರಿ ತೂತನ್ನ ಸಾಸಿವೆಯಷ್ಟು ಸಣ್ಣಕ್ಕೆ ಕೊರೆದಿದ್ದೆ. ನೀವಿಟ್ಟ ಕುಂಕುಮ ಅದಕ್ಕೆ ಉಸಿರು ಕಟ್ಟಿಸ್ತು.”

ಪಟಾಲಮ್ಮ ಮುಚ್ಚಳ ಇಸಿದುಕೊಂಡು ಕಣ್ಣ ಹತ್ತಿರ ಹಿಡಿದರು. “ಗಾಳೀಲಿ ಹಾರೋಗ್ಬಾರ್ದು ಅಂತ ಹರಳೆಣ್ಣೇಲಿ ಕಲಸಿದ್ದೆ ನೋಡು,” ಎಂದರು ಮೊದಲು, ಕೆಲಸ ಗಟ್ಟಿಯಾಗಿದ್ದಕ್ಕೆ ಒಳಗೊಳಗೇ ಹೆಮ್ಮೆಪಟ್ಟು. ಆಮೇಲೆ ಮಗನ ಮೇಲೆ ತಿರುಗಿದರು. “ಏಮಿರಾ! ಇದು ಅದರ ಮೂಗು ಅಂತ ಒಂದ್ ಮಾತು ಹೇಳಬಾರ್ದಾ? ಮೂಗಿನ ಹೊಳ್ಳೆಗೆ ಯಾರಾದ್ರೂ ಕುಂಕುಮ ತುಂಬ್ತಾರೇನ್ಲಾ?”

ಶನಿವಾರ ಯಶೋದ ಮೂರು ಕೆಲಸ ಮಾಡಿದಳು. ಟ್ಯಾಂಕನ್ನು ಬರಿದುಮಾಡಿ ಆ ಬಲಮೂಲೆಯನ್ನು ಇನ್ನೊಮ್ಮೆ ಕೆರೆದು ಅಂಟಿಸಿದಳು. ಬೇಕಿಲ್ಲವೆಂದು ಜಯರಾಮು ಎಷ್ಟು ಹೇಳಿದರೂ ಕೇಳಲಿಲ್ಲ. ಟ್ಯಾಂಕಿನ ನೆತ್ತಿಯಿಂದ ತೆಳು ಅಲ್ಯೂಮಿನಿಯಂ ಕೊಳವೆಯೊಂದನ್ನು ಬಾಗಿಸಿ ರೆಕ್ಕೆಯ ಕೆಳಗೆ ಮುಂದಕ್ಕೆ ಮುಖಮಾಡಿ ಇಳಿಸಿ, ಹುಳ ಹೋಗದಂತೆ ತುದಿಗೆ ಜಾಳಿಗೆ ಕಟ್ಟಿದಳು. ಮುಚ್ಚಳದ ಹಳೆಯ ತೂತನ್ನು ಶಾಶ್ವತವಾಗಿ ಮುಚ್ಚಿದಳು. “ಅಜ್ಜಿ, ಮುಚ್ಚಳ ಪೂರ್ತಿ ನಿಮ್ಮದು. ಎಷ್ಟು ಬೇಕಾದ್ರೂ ಬಳೀರಿ. ಕೆಳಗಿನ ಕೊಳವೆ ಮಾತ್ರ ಮುಟ್ಟಬೇಡಿ.”

“ಅದು ಮೂಗು,” ಎಂದರು ಪಟಾಲಮ್ಮ. ಸ್ವಲ್ಪ ಯೋಚಿಸಿ, “ಒಂದು ಮೂಗುತಿ?”

“ಅಜ್ಜೀ!”

“ತಮಾಷೆಗಂದೆ ಕಣೆ.”

ಭಾನುವಾರ ಟ್ಯಾಂಕು ನೆತ್ತಿ ಬಿಸಿಲಲ್ಲಿ ನಿಂತಿತು. ತಟ್ಟೆ ಒಣಗಿತ್ತು. ಯಶೋದ ಬೆರಳಿಂದ ಮೂಲೆ ಸವರಿ ಮೂಸಿದಳು, ಇನ್ನೊಂದು ಬೆರಳಿಂದ ಸವರಿ ಮೂಸಿದಳು. ರಂಗೇಶ್ ಸುತ್ತಲೂ ತಿರುಗಿ, ಕೊಳವೆ ನೋಡಿ, ಯಶೋದಳನ್ನು ನೋಡಿ, “ಸರಿ, ಇದರಲ್ಲೇ ಹೋಗೋಣ,” ಎಂದರು. ಪ್ಲಾಸ್ಟಿಕ್ ಟ್ಯಾಂಕನ್ನು ಜಯರಾಮು ಆಗಲೇ ಬೋರಣ್ಣನಿಗೆ ಕೊಟ್ಟುಬಿಟ್ಟಿದ್ದ, ಕುರಿಗಳಿಗೆ ನೀರು ಹೊರಲು.

ರಂಗೇಶ್ ಒಬ್ಬರೇ ಹತ್ತಿ ಕೂತರು. ಇಂಜಿನ್ ಶುರುವಾಯಿತು. ವಿಮಾನ ಕುಲುಕುತ್ತ ಹೊರಟಿತು. ಯಶೋದ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬದುವಿನ ಗುಂಟ ಬಗ್ಗಿಕೊಂಡೇ ಓಡಿದಳು. ಕಣ್ಣೆಲ್ಲ ಆ ಬಲಮೂಲೆಯ ಮೇಲೇ. ಒಂದು ಹನಿ? ಇಲ್ಲ. ಈಗ? ಇಲ್ಲ. ಹಿಂದೆ ನೋಡಲು ಸೇರಿದ್ದ ಜನ ಹೋ ಎಂದು ಕೂಗಿದರು, ಪಟಾಲಮ್ಮ ಕೈಮುಗಿದರು, ಬೋರಣ್ಣ ಪೇಟ ಬಿಚ್ಚಿ ಬೀಸಿದ. ವಿಮಾನ ಹೊಲದ ಆ ಬದಿಗೆ ಹೋಗಿ ನಿಂತಿತು.

ಏದುಸಿರು ಬಿಡುತ್ತ ಬಂದ ಜಯರಾಮುವಿನ ಕಣ್ಣಲ್ಲಿ ನೀರಿತ್ತು. “ನೋಡಿದ್ಯಾ ಯಶೋದಾ? ಆಳೆತ್ತರ! ಆಳೆತ್ತರ ಎದ್ದಿತ್ತು!”

“ಎದ್ದಿತ್ತಾ?” ಎಂದಳು ಯಶೋದ ಬೆಚ್ಚಿ. “ಅಯ್ಯೋ, ನಾನು ಮೂಲೆ ನೋಡ್ತಾ ಇದ್ದೆ ಅಣ್ಣ. ಒಂಚೂರೂ ಸೋರ್ಲಿಲ್ಲ.”

“ಇನ್ನೊಂದ್ ಸಲ ಎಬ್ಬಿಸ್ರೀ ರಂಗೇಶಪ್ಪ!” ಎಂದು ಬೋರಣ್ಣ ಕೂಗು ಹಾಕಿದ. “ಟ್ಯಾಂಕಿನೋಳೇ ನೋಡಿಲ್ವಂತೆ!”